ಬಸ್ಸಿನ ಆ್ಯಪ್ ಮಾಡಿದ ಅಕ್ಕ

ಅಂಬಿಕಾನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ, ಮಾತು ಶುರುವಾಗುವ ಮೊದಲೇ ಎದುರಿಗಿದ್ದವರ ಕೈಗೆ ತನ್ನ ಮೊಬೈಲು ಕೊಟ್ಟುಬಿಡುತ್ತಿದ್ದಳು. "ಮೊದಲ ಹಿಡದು ನೋಡ್ರಿ, ಆಮ್ಯಾಲೆ ಬೈರಿ" ಎನ್ನುವುದು ಅವಳ ಮಾತು.

ಜೊಯಿಡಾ ಕಡೆಯ ಬಸ್ಸು ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುವ ಆ್ಯಪನ್ನು ಅವಳು ಒಬ್ಬಳೇ ಕೂತು ಮಾಡಿದ್ದಳು. ಊರು ದಾಟಿದಾಗ ಬಸ್ಸಿನಲ್ಲಿದ್ದವರು ಒಂದು ಗುಂಡಿ ಒತ್ತಿದರೆ, ಮುಂದಿನ ಊರಲ್ಲಿ ಕಾಯುವವರಿಗೆ ಗೊತ್ತಾಗುತ್ತಿತ್ತು. ಆದರೆ ಒತ್ತುವವರೇ ಇರಲಿಲ್ಲ. ಮೊಬೈಲಿನಲ್ಲಿ ಜಾಹೀರಾತು ಕೊಟ್ಟಳು. ಎಲ್ಲೋ ದೂರದವರು ಹಾಕಿಕೊಂಡು ಅಳಿಸಿದರು. ಮನೆಯವರು "ಸಾಕ ಬಿಡು" ಅಂದರು.

ಅವಳು ಬಿಡಲಿಲ್ಲ. ದಾಂಡೇಲಿ-ಜೊಯಿಡಾ ಬಸ್ಸು ಹತ್ತಿ, ಸೀಟಿನಿಂದ ಸೀಟಿಗೆ ಹೋಗಿ ಮೊಬೈಲು ಕೈಗೆ ಕೊಡತೊಡಗಿದಳು. ಜನ ನಿಜವಾಗಿಯೂ ಬೈದರು. ಅಕ್ಷರ ಸಣ್ಣದು ಎಂದರೆ ದೊಡ್ಡದು ಮಾಡಿದಳು, ಕೊಂಕಣಿ ಬೇಕೆಂದರೆ ಕೊಂಕಣಿ ಸೇರಿಸಿದಳು.

ಮುಂದಿನ ಬೇಸಿಗೆಯಲ್ಲಿ ಒಮ್ಮೆ ನಾವಿಬ್ಬರೂ ಜೊಯಿಡಾ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಿದ್ದೆವು. ಮದುವೆಗೆ ಹೊರಟಿದ್ದ, ಗುರುತಿಲ್ಲದ ಹೆಂಗಸೊಬ್ಬಳು ಅಕ್ಕನ ಕಡೆ ತಿರುಗಿದಳು.

"ಯಾಕ್ರೀ ಸುಮ್ನ ರಸ್ತಾ ನೋಡ್ಕೋತ ಕುಂತೀರಿ? ಮೊಬೈಲ್ ಕೊಡ್ರಿ, ಒಂದು ಆ್ಯಪ್ ಹಾಕಿಕೊಡ್ತೇನಿ."

ಅಕ್ಕ ಮೊಬೈಲು ತೆಗೆದು ಕೊಟ್ಟಳು.

"ಅಯ್ಯ, ಇದರಾಗ ಆಗಲೇ ಐತಲ್ರೀ!"

"ಹೌದ್ರಿ. ಹೆಂಗ ನೋಡೂದು, ಹೇಳಿಕೊಡ್ರಿ."

ಆಕೆ ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಕಲಿಸಿದಳು. ಅಕ್ಕ ಹೂಂಗುಟ್ಟುತ್ತ ಕಲಿತಳು.

"ಗಣೇಶಗುಡಿ ದಾಟೇತಿ ನೋಡ್ರಿ. ಅರ್ಧ ತಾಸಿನಾಗ ಬರ್ತೈತಿ."

ಹೇಳಿದಂತೆಯೇ ಬಸ್ಸು ಬಂತು. ಅಕ್ಕ ನನ್ನ ತೋಳು ಹಿಂಡಿ, ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ ನಕ್ಕಳು.

"ಕೇಳಿದೇನ? ನನ್ನ ಆ್ಯಪ್ ನನಗ ಮಾರಿದಳು!"