ಬಲ್ಲ ಮೂಲಗಳೂ ಮುದ್ರೆ ಒತ್ತಿದ ಒಂದು ಹಾಳೆಯೂ

“ಒಗ್ಗರಣೆಯ ವಾಸನೆಗೆ ಸ್ವೀಡಿಷ್ ವೃದ್ಧೆಯ ದೂರು, ಕನ್ನಡಿಗರ ಯುಗಾದಿ ಊಟಕ್ಕೆ ಸಭಾಂಗಣ ನಿರಾಕರಣೆ. ಬಲ್ಲ ಮೂಲಗಳಿಂದ ತಿಳಿದುಬಂದಿದೆ.”

ಅಂತರಜಾಲದ ಸುದ್ದಿತಾಣವೊಂದರಲ್ಲಿ ಬಂದ ಈ ಮಾತನ್ನು ಸ್ವೀಡನ್ನಿನ ವೆಸ್ಟೆರೋಸ್‌ನ ನಮ್ಮವರು ಈಗಲೂ ನಂಬುತ್ತಾರೆ. ನಾನು ಅಂದೇ ನಂಬಲಿಲ್ಲ. ಊರಿನಲ್ಲಿ ಸಣ್ಣ ದಿನಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಸೀಸದ ಅಕ್ಷರಗಳ ಮೊಳೆ ಜೋಡಿಸಿ ಬದುಕಿದವನು ನಾನು. ನಾಲ್ಕಕ್ಷರ ಕಲಿತದ್ದೂ ಅಲ್ಲೇ, ಅದೂ ತಿರುವುಮುರುವಾಗಿ. ‘ಬಲ್ಲ ಮೂಲಗಳಿಂದ ತಿಳಿದುಬಂದಿದೆ’ ಎಂಬ ಸಾಲು ದಿನವೂ ಬೇಕಾಗುತ್ತಿದ್ದುದರಿಂದ ಅದನ್ನು ಬಿಚ್ಚದೆ, ದಾರ ಸುತ್ತಿ, ಮೂಲೆಯಲ್ಲಿಟ್ಟಿರುತ್ತಿದ್ದೆ. ಸುದ್ದಿ ಹುಟ್ಟುವ ಮೊದಲೇ ನಮ್ಮಲ್ಲಿ ಮೂಲಗಳು ಸಿದ್ಧವಾಗಿರುತ್ತಿದ್ದವು.

ಸುದ್ದಿಯಲ್ಲಿ ವೃದ್ಧೆಯ ಹೆಸರಿರಲಿಲ್ಲ. ಮುಖವನ್ನು ಜನರೇ ಅಂಟಿಸಿದರು: ಸಭಾಂಗಣದ ಎದುರಿಗಿರುವ ನಮ್ಮ ಕಟ್ಟಡದ ಕೆಳಮನೆಯಲ್ಲಿರುವ ಒಂಟಿ ಹೆಂಗಸು. ನನ್ನ ಮೊಮ್ಮಗಳು ದಿನವೂ ಡಾಗಿಸ್ ಎಂಬ ಶಿಶುವಿಹಾರ ಮುಗಿಸಿ ಬಂದು ಆಕೆಯ ಅಡುಗೆಮನೆಯಲ್ಲಿ ಏಲಕ್ಕಿ ಬನ್ ತಿನ್ನುತ್ತಿದ್ದಳು. ಮಗಳು ಅದನ್ನು ನಿಲ್ಲಿಸಿದಳು. ಆಕೆ ಮೆಟ್ಟಿಲ ಬಳಿ ‘ಹೇಯ್’ ಎಂದು ಇಲ್ಲಿನ ರೀತಿಯಲ್ಲಿ ವಂದಿಸಿದರೆ ನಮ್ಮ ಮನೆಯವರೆಲ್ಲ ಚೀಲದಲ್ಲಿ ಕೀಲಿ ಹುಡುಕತೊಡಗುತ್ತಿದ್ದರು. ನಿಜ ಹೇಳಬೇಕೆಂದರೆ ಆಕೆಯನ್ನೂ ನಾನು ಪೂರ್ತಿ ನಂಬಿರಲಿಲ್ಲ. ನಾವು ಇಂಗು ಹಾಕಿದ ದಿನ ಆಕೆ ಕಿಟಕಿ ತೆರೆಯುವುದನ್ನು ಕಂಡಿದ್ದೆ.

“ಅಪ್ಪ, ಅಷ್ಟೊಂದು ಜನ ಶೇರ್ ಮಾಡಿದಾರೆ. ಎಲ್ರೂ ಸುಳ್ಳು ಹೇಳ್ತಾರಾ?” ಎಂದಳು ಮಗಳು.

“ಸಾವಿರ ಪ್ರತಿ ಅಚ್ಚಾದರೂ ಮೊಳೆ ಜೋಡಿಸಿದ್ದು ಒಂದೇ ಕೈ ಕಣಮ್ಮ.”

“ನೀವು ಬಿಡಿ, ಉಪ್ಪನ್ನೂ ನೆಕ್ಕಿ ನೋಡಿಯೇ ಉಪ್ಪು ಅನ್ನೋರು.”

ದೂರು ಬಂದಿದ್ದರೆ ಅದು ಸಭಾಂಗಣ ನಡೆಸುವ ನಗರಾಡಳಿತದ, ಇಲ್ಲಿನವರು ಕೊಮ್ಯೂನ್ ಎನ್ನುವ ಕಚೇರಿಯ, ಕಡತದಲ್ಲಿರಬೇಕು. ‘ವಿಷಯ’, ‘ಉಲ್ಲೇಖ’ ಎಂದೆಲ್ಲ ಕ್ರಮವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಪಾಸ್‌ಪೋರ್ಟಿನ ಎರಡು ಜೆರಾಕ್ಸ್ ಲಗತ್ತಿಸಿ ಒಯ್ದೆ. ಅಲ್ಲಿನ ಹೆಣ್ಣುಮಗಳು ಎಲ್ಲವನ್ನೂ ಹಿಂದಕ್ಕೆ ಸರಿಸಿದಳು. ಹೆಸರೂ ಬೇಡ, ಕಾರಣವೂ ಬೇಡ, ಇಲ್ಲಿ ಕಡತವೆಲ್ಲ ಸಾರ್ವಜನಿಕ, ಯಾರು ಕೇಳಿದರೂ ಕೊಡುತ್ತೇವೆ ಎಂದಳು. ನನ್ನ ಅನುಮಾನ ಇಮ್ಮಡಿಯಾಯಿತು. ಕೇಳಿದವರಿಗೆಲ್ಲ ಕೊಡುವ ಕಾಗದಕ್ಕೆ ಏನು ಬೆಲೆ? ಮುದ್ರೆಯಿಲ್ಲದೆ ಕದಲುವುದಿಲ್ಲವೆಂದೆ. ಒಳಗೆ ಹೋಗಿ, ಬಹಳ ಹೊತ್ತು ಹುಡುಕಿ, ಎಲ್ಲಿಂದಲೋ ಒಂದು ಮುದ್ರೆ ತಂದು, ಕಡತದ ಪತ್ರದ ಪ್ರತಿಯ ಮೇಲೆ ಒತ್ತಿಕೊಟ್ಟಳು.

ಸ್ವೀಡಿಷ್ ಬಲ್ಲ ಮಗಳು ಆ ಹಾಳೆಯನ್ನು ನಿಂತಲ್ಲೇ ಓದಿದಳು. ಯುಗಾದಿಯ ಕಾಯ್ದಿರಿಸುವಿಕೆಗೆ ಸಂಬಂಧಿಸಿ ಬಂದ ಪತ್ರ ಅದೊಂದೇ. ಬಾಡಿಗೆ ಕರಾರಿಗೆ ಗಡುವಿನೊಳಗೆ ಸಹಿ ಹಾಕಲು ಮರೆತಿದ್ದೇನೆ, ಸಭಾಂಗಣವನ್ನು ಬೇರೆಯವರಿಗೆ ಕೊಟ್ಟಿರೆಂದು ತಿಳಿಯಿತು, ಕ್ಷಮಿಸಿ ಎಂದಿತ್ತು. ಒಗ್ಗರಣೆಯ ಮಾತಿಲ್ಲ, ವೃದ್ಧೆಯ ಮಾತಿಲ್ಲ. ಕೆಳಗೆ ಸಹಿ ನಮ್ಮ ಊಟದ ವ್ಯವಸ್ಥಾಪಕರದು.

ಮಗಳು ಇನ್ನೊಮ್ಮೆ ಓದಿದಳು. “ನಮ್ಮವರ ವಾಟ್ಸಾಪ್ ಗ್ರೂಪಲ್ಲಿ ಆ ಸುದ್ದಿ ಮೊದಲು ಹಾಕಿದ್ದು ಇವರೇ ಅಲ್ವಾ, ಅಪ್ಪ?”

ಅವಳು ಮೊಮ್ಮಗಳ ಕೈ ಹಿಡಿದು ಕೆಳಗಿಳಿದಳು. ಕೆಳಮನೆಯ ಗಂಟೆ ಬಾರಿಸಿದ್ದು, ಬಾಗಿಲು ತೆರೆಯಲು ತುಸು ತಡವಾದದ್ದು, ಎರಡೂ ನನಗೆ ಕೇಳಿಸಿದವು.

ಸುದ್ದಿ ಮಾತ್ರ ತಾಣದಲ್ಲಿ ಇದ್ದಂತೆಯೇ ಇದೆ. ಓದುಗರು ನನ್ನನ್ನೂ ನಂಬಬೇಕಾಗಿಲ್ಲ; ನಾನೂ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆದರೆ ಆ ಪತ್ರದ ಮೂಲ ಕೊಮ್ಯೂನ್‌ನ ಕಡತದಲ್ಲಿದೆ. ಹೋಗಿ ಕೇಳಿ. ನೀವು ಯಾರೆಂದು ಅವರು ವಿಚಾರಿಸುವುದಿಲ್ಲ. ಮುದ್ರೆ ಬೇಕಿದ್ದರೆ ಮಾತ್ರ ಹಠ ಹಿಡಿಯಬೇಕಾಗುತ್ತದೆ.