ಅಪ್ಪ ಕುಡಿಯುತ್ತಿರಲಿಲ್ಲ

ರಾಯಚೂರಿನ ನಮ್ಮ ಓಣಿಯಲ್ಲಿ ಲಿವರ್ ಕೆಟ್ಟಿತೆಂದರೆ ಸೇಂದಿ ಕುಡಿದು ಕೆಟ್ಟಿತೆಂದೇ ಲೆಕ್ಕ. ಬೇರೆ ಕಾರಣ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ, ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುತ್ತಿದ್ದ ಅಪ್ಪನ ಬಲಪಕ್ಕೆಯ ಕೆಳಗೆ ಗಡ್ಡೆ ಕೈಗೆ ಸಿಗತೊಡಗಿತು. ಡಾಕ್ಟರು ಕೇಳಿದ ಮೊದಲ ಮಾತೇ, "ಎಷ್ಟು ವರ್ಷದಿಂದ ಕುಡೀತೀಯ?"

"ಇಲ್ರೀ ಸಾಹೇಬ್ರ, ಮುಟ್ಟಿಲ್ಲ" ಅಂದ ಅಪ್ಪ. ಡಾಕ್ಟರು ಅವ್ವನ ಮುಖ ನೋಡಿದರು. ಅವ್ವ ನೆಲ ನೋಡಿದಳು. ಲಿವರಿನ ಕ್ಯಾನ್ಸರ್, ಕೈ ಮೀರಿದೆ ಎಂದು ಹೇಳಿ ಮನೆಗೆ ಕಳಿಸಿದರು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಮಸರಕಲ್ಲಿನಿಂದ ನೋಡಲು ಬಂದ. ಅಪ್ಪ ಮಲಗಿದ್ದ ಹೊರಸಿನ ಪಕ್ಕ ಕೂತು, ಓಣಿಗೆಲ್ಲ ಕೇಳುವ ಹಾಗೆ, "ಕದ್ದು ಕುಡಿಯವರಿಗೆ ಇದು ಲಗೂನ ಬರತದ" ಎಂದ. ನನಗೆ ಮೈಯೆಲ್ಲ ಉರಿಯಿತು. ಸಾಯುತ್ತಿರುವವನ ಮುಂದೆ ಆಡುವ ಮಾತೇ ಅದು? ಆದರೆ ಅವ್ವನ ತಲೆಯಲ್ಲಿ ಹುಳ ಹೊಕ್ಕಿತು. ಅಪ್ಪ ಓಣಿಯ ತುದಿಗೆ ಹೋಗಿ ಬಂದರೂ ಹತ್ತಿರ ಸುಳಿದು ಬಾಯಿಯ ವಾಸನೆ ಹಿಡಿಯುವಳು. ಗಂಜಿನ ಹಮಾಲರನ್ನು ತಡೆದು ವಿಚಾರಿಸುವಳು. ಒಂದು ಮಧ್ಯಾಹ್ನ ಅಪ್ಪ ರೊಟ್ಟಿಯ ತಾಟಿನ ಮೇಲೆ ಅಂಗೈ ಊರಿ, "ಅನ್ನದ ಆಣಿ, ಕುಡದಿಲ್ಲ. ನೀನಾರ ನಂಬು" ಎಂದ.

"ಉಣ್ಣು, ಆರತದ" ಅಂದಳು ಅವ್ವ. ನಂಬಿದೆ ಅನ್ನಲಿಲ್ಲ. ಅಪ್ಪ ಹಾಗೆಯೇ ತೀರಿಹೋದ.

ಅಪ್ಪ ಗಟ್ಟಿಯಿದ್ದ ಕಾಲದಲ್ಲಿ ಅವ್ವ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುತ್ತಿದ್ದಳು. ಗಟ್ಟಿ ಕಾಳು ಸಾಹುಕಾರನ ಚೀಲಕ್ಕೆ. ಸುಕ್ಕಿದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಆರಿಸಿದ ಹೆಂಗಸರ ಉಡಿಗೆ. ಚೆನ್ನಾಗಿ ಹುರಿದು, ಬಳ್ಳೊಳ್ಳಿ, ಖಾರ ಹಾಕಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದರೆ ಕಹಿ ನಾಲಗೆಗೆ ತಿಳಿಯುತ್ತಿರಲಿಲ್ಲ. ಚೀಲ ಹೊರುವ ಮೈ ಎಂದು ಅವ್ವ ಅಪ್ಪನ ತಾಟಿಗೆ ಒಂದು ಹಿಡಿ ಹೆಚ್ಚೇ ಸುರಿಯುತ್ತಿದ್ದಳು.

ಎಂಬತ್ತರ ದಶಕದಲ್ಲಿ ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಅವ್ವ ನನ್ನ ಜೊತೆಗೇ ಇದ್ದಳು. ಒಂದು ದಿನ ಕೃಷಿ ಇಲಾಖೆಯವರೊಬ್ಬರು ಬಂದು ಮಕ್ಕಳ ಮುಂದೆ ಭಾಷಣ ಮಾಡುತ್ತ, ಶೇಂಗಾಕ್ಕೆ ಹಿಡಿಯುವ ಬೂಸ್ಟಿನಲ್ಲಿ ವಿಷವಿರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ, ಅದರಿಂದ ಲಿವರಿಗೆ ಕ್ಯಾನ್ಸರ್ ಬರಬಹುದು ಎಂದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪ ಸುಳ್ಳು ಹೇಳಿರಲಿಲ್ಲ. ಗಂಟೆ ಹೊಡೆದದ್ದೇ ಮನೆಗೆ ಓಡಿದೆ. ಓಣಿಯ ತಿರುವಿನಲ್ಲಿ ಕಾಲು ನಿಂತುಬಿಟ್ಟಿತು. ಅಪ್ಪನ ಹೆಸರು ತೊಳೆಯಬೇಕಾದರೆ, ಆ ಹಿಂಡಿ ಕುಟ್ಟಿದ ಕೈ ಯಾರದೆಂದೂ ಹೇಳಬೇಕಲ್ಲ.

ಹೇಳಬಾರದೆಂದುಕೊಂಡೇ ಒಳಗೆ ಹೋದೆ. ಆದರೆ ನನ್ನದು ಮೊದಲಿನಿಂದಲೂ ತಡೆಯದ ಜೀವ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಅಲೆದೆ. ಅಕ್ಕಿ ಹಸನು ಮಾಡುತ್ತಿದ್ದ ಅವ್ವ, "ಯಾಕವಾ, ಹಿಂಗ ಅಡ್ಡಾಡಾಕತ್ತಿ? ಒಂದು ಕಡಿ ಕುಂದ್ರು" ಎಂದಳು. ಕೂತೆ. ಕೂತವಳೇ ಎಲ್ಲ ಒದರಿಬಿಟ್ಟೆ.

ಮೊರದಲ್ಲಿ ಅವಳ ಕೈ ನಿಂತಿತು. "ಹಂಗಾದ್ರ ಅವ ಕುಡದಿರಲಿಲ್ಲ."

"ಇಲ್ಲ ಯವ್ವಾ."

ಮೊರ ಪಕ್ಕಕ್ಕೆ ಸರಿಸಿ ಕೇಳಿದಳು: "ನಾನೂ ತಿಂದೀನಿ, ನೀನೂ ತಿಂದಿ. ಅವಗಷ್ಟ ಯಾಕ?"

ಇದಕ್ಕೆ ಉತ್ತರವನ್ನು ಕೆಲವು ವರ್ಷಗಳ ಮೇಲೆ ಓದಿದೆ. ಜೀವಕೋಶ ಮನಬಂದಂತೆ ಬೆಳೆಯದ ಹಾಗೆ ತಡೆಯುವ ಜೀನುಗಳಿವೆ, ಗಾಡಿಗೆ ಬ್ರೇಕು ಇದ್ದಂತೆ. ಆ ಬೂಸ್ಟಿನ ವಿಷ ಲಿವರಿನಲ್ಲಿ ಅಂಥ ಒಂದು ಜೀನಿನ, ಬಹಳ ಸಲ ಒಂದೇ ಜಾಗದ, ಒಂದಕ್ಷರವನ್ನು ಬದಲಿಸಿಬಿಡುತ್ತದೆ. ಕಾಮಾಲೆಯ ವೈರಸ್ಸು ಮೊದಲೇ ಹೊಕ್ಕಿದ್ದರೆ ಅಪಾಯ ಇನ್ನೂ ಹೆಚ್ಚು. ಒಂದೇ ಹಿಂಡಿ ತಿಂದವರಲ್ಲಿ ಒಬ್ಬರ ಬ್ರೇಕು ಮುರಿಯುತ್ತದೆ, ಇನ್ನೊಬ್ಬರದು ಉಳಿಯುತ್ತದೆ. ಅಪ್ಪನಿಗೆ ಆದದ್ದು ಅದೇ ಎಂದು ಈಗಲೂ ಯಾರೂ ಖಚಿತವಾಗಿ ಹೇಳಲಾರರು. ಇಷ್ಟಾದರೂ ಅಂದು ಗೊತ್ತಿದ್ದರೆ ಅವ್ವನಿಗೆ ಹೇಳುತ್ತಿದ್ದೆ.

ನಾನು ಒದರಿದ ಮರುದಿನ ಬೆಳಿಗ್ಗೆ ಅವ್ವ ಸೀರೆ ಬದಲಿಸಿ, ದೊಡ್ಡಪ್ಪನ ಊರಿಗೆ ಹೋಗಲು ದೇವದುರ್ಗದ ಬಸ್ಸು ಹತ್ತಿದಳು. ನಾನು ಶಾಲೆಗೆ ಹೋಗದೆ ಹಿಂದೆ ಓಡಿ ಹತ್ತಿದೆ. "ಬ್ಯಾಡ ಯವ್ವಾ, ಖಾತ್ರಿ ಇಲ್ಲ ಅದು. ಎಲ್ಲಾ ನಿನ್ನ ಮ್ಯಾಲ ಹಾಕತಾರ" ಎಂದು ದಾರಿಯುದ್ದಕ್ಕೂ ಗೋಗರೆದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು.

ಮಸರಕಲ್ಲಿನಲ್ಲಿ ದೊಡ್ಡಪ್ಪ ನಾಲ್ಕು ಜನರ ಜೊತೆ ಕಟ್ಟೆಯ ಮೇಲೆ ಹರಟುತ್ತಿದ್ದ. "ಬಾರವಾ, ಕುಂದ್ರು" ಎಂದ. ಅವ್ವ ಕೂರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಿಮ್ಮ ತಮ್ಮ ಕುಡದು ಸತ್ತಿಲ್ಲರೀ. ಕೆಟ್ಟ ಶೇಂಗಾ ತಿಂದು ಸತ್ತಾನ. ಕುಟ್ಟಿ ಉಣಿಸಿದಾಕಿ ನಾನು. ಇನ್ನ ಏನ ಅನ್ನೂದಿದ್ರೂ ನನಗ ಅನ್ರಿ."