ಅವ್ವನ ಟರ್ಮಿನಲ್ಲಿನ ಮೂರು ಖೋಲಿ

ಇವತ್ತು ಆಫೀಸಿನಲ್ಲಿ ಕೈತಪ್ಪಿ ಎರಡು ಮೂರು ಕೀ ಒಟ್ಟಿಗೆ ಒತ್ತಿದೆ. ಕಪ್ಪು ಪರದೆಯ ಮೇಲೆ ‘ಲಾಗಿನ್’ ಎಂಬ ಒಂದೇ ಪದ ಉಳಿಯಿತು. ಮನಸ್ಸು ಸೀದಾ ಚಿಕ್ಕಂದಿನ ಆಳಂದಕ್ಕೆ ಹೋಯಿತು.

ಅಲ್ಲಿನ ಒಂದು ಕಚೇರಿಯಲ್ಲಿ ಅವ್ವ ಟೈಪ್ ಮಾಡುತ್ತಿದ್ದಳು. ಯುನಿಕ್ಸ್ ಕಂಪ್ಯೂಟರ್ ಒಂದೇ. ಅದರಿಂದ ವೈರ್ ಎಳೆದು ನಾಲ್ಕು ಮಂದಿಗೆ ನಾಲ್ಕು ಟರ್ಮಿನಲ್, ಅಂದರೆ ಬರೀ ಪರದೆ ಮತ್ತು ಕೀಬೋರ್ಡ್, ಕೊಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕಿತ್ತು. ಶಾಲೆ ಬಿಟ್ಟ ಮೇಲೆ ನಾನು ಅವ್ವನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೆ.

ಒಂದು ದಿನ ಅವ್ವ ಬೆಳಗಿನಿಂದ ಹಳ್ಳಿಗಳ ಪಟ್ಟಿ ಹೊಡೆಯುತ್ತ ಜಿಡಗಾದವರೆಗೆ ಬಂದಿದ್ದಳು. ಸಾಹೇಬರು ಬಾಗಿಲಲ್ಲಿ ನಿಂತು, “ಮೇಡಮ್, ಒಂದು ಪತ್ರ ಅರ್ಜೆಂಟ್ ಬೇಕ್ರಿ” ಎಂದರು. ಅವ್ವ ಏನೋ ಒತ್ತಿದಳು. ಪಟ್ಟಿ ಪೂರ್ತಿ ಮಾಯವಾಯಿತು. ನನಗೆ ಅಳುವೇ ಬಂತು.

“ಅವ್ವಾ, ಎಲ್ಲಾ ಹೋತಲ್ಲ.”

“ಹೋಗಿಲ್ಲ ಬೇ. ಪಟ್ಟಿ ಅಡಗಿಮನ್ಯಾಗ ಕುದಿಯಾಕತ್ತದ. ಸಾಹೇಬರು ಬಂದಾರಂತ ನಾವು ಪಡಸಾಲಿಗೆ ಬಂದೇವಿ.”

ಪತ್ರ ಮುಗಿಸಿ ಮತ್ತೆ ಒತ್ತಿದಳು. ಜಿಡಗಾ ಇದ್ದಲ್ಲೇ ಇತ್ತು, ಅದರ ಮುಂದೆ ಕರ್ಸರ್ ಮಿನುಗುತ್ತಿತ್ತು. ಒಂದೇ ಟರ್ಮಿನಲ್ಲಿನಲ್ಲಿ ಅವಳು ಮೂರು ಸಲ ಲಾಗಿನ್ ಆಗಿರುತ್ತಿದ್ದಳು; ಒಂದೊಂದು ಲಾಗಿನ್ನೂ ಮನೆಯ ಕೋಣೆಯ ಹಾಗೆ ಒಂದೊಂದು ಖೋಲಿ. ಮೂರನೆಯದು ದೇವರ ಖೋಲಿ. ಅಲ್ಲಿ ಕಚೇರಿ ಕೆಲಸವಿಲ್ಲ. ನನ್ನ ಹೆಸರನ್ನು ನಾನೇ ಹೊಡೆಯಬಹುದಿತ್ತು.

ಇವತ್ತು ರಾತ್ರಿ ಮನೆಯಲ್ಲಿ, ಅಡಗೆಮನೆಯಲ್ಲೇ ಊಟಕ್ಕೆ ಕೂತಾಗಲೂ ಫೋನಿನಲ್ಲಿ ಆಫೀಸಿನ ಮೆಸೇಜು ನೋಡುತ್ತಿದ್ದೆ. ಎದುರಿಗೆ ರೊಟ್ಟಿ ಮುರಿಯುತ್ತ ಅವ್ವ ಕೇಳಿದಳು, “ಯಾವ ಖೋಲ್ಯಾಗ ಅದೀ ಬೇ?”

ಫೋನನ್ನು ಬೋರಲು ಹಾಕಿ, “ಅಡಗಿಮನಿಗೆ ಬಂದೆ ಅವ್ವಾ” ಎಂದೆ.